ಮೂಲೆಯಲ್ಲಿ ಕೈಯೆತ್ತಿ ನಿಂತವನು

ಆ ಶನಿವಾರ ಬೆಳಿಗ್ಗೆ ದುಬೈಯ ಮೇಲೆ ಮಂಜು ಕೂತಿತ್ತು. ಇಳಿದದ್ದಲ್ಲ, ಕೂತದ್ದು, ಊಟ ಮುಗಿದು ಎಲೆ ತೆಗೆದ ಮೇಲೂ ಚಾವಡಿಯಿಂದ ಏಳದ ನೆಂಟನ ಹಾಗೆ. ಆಸ್ಪತ್ರೆಯ ಕಿಟಕಿಯಿಂದ ನೋಡಿದರೆ ಜುಮೇರಾ ಲೇಕ್ ಟವರ್ಸ್‌ನ ಕಟ್ಟಡಗಳಿಗೆ ಸೊಂಟದಿಂದ ಮೇಲೆ ಮೈಯೇ ಇರಲಿಲ್ಲ. ವಸಂತಿ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದಳು. ಮಂಜು ಗಾಜಿನದಲ್ಲ, ಆಕಾಶದ್ದು ಎಂದು ಒರೆಸಿದ ಮೇಲೆ ಹೊಳೆಯಿತು.

ಹಾಸಿಗೆಯ ಮೇಲೆ ಅವಳ ಗಂಡ ಕೊರಗಪ್ಪ ಆಗಲೇ ಎದ್ದು, ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡು, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕೂತಿದ್ದ. ಮದುವೆಗೆ ಹೊರಟವನ ಹಾಗೆ ಕೂದಲಿಗೆ ಎಣ್ಣೆ ಹಚ್ಚಿತ್ತು.

"ಮಂಜು ಉಂಟಾ?"

"ಉಂಟು. ದಪ್ಪ ಉಂಟು."

"ಇದ್ರಲ್ಲಿ ಅವರಿಗೆ ಚೆಂಡು ಕಾಣ್ತದಾ?"

"ಆಟ ಇರುದು ಮಧ್ಯಾಹ್ನದ ಮೇಲೆ. ಅಷ್ಟರೊಳಗೆ ಹೋಗ್ತದೆ. ನೀವು ಮೊದಲು ಈ ಗಂಜಿ ಕುಡೀರಿ, ಆಮೇಲೆ ಚೆಂಡಿನ ಚಿಂತೆ ಮಾಡುವ."

ಕೊರಗಪ್ಪ ಅಲ್ ಕೂಜಿನ ಒಂದು ಅಲ್ಯುಮಿನಿಯಂ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಂಡು ಆಯುಸ್ಸು ಕಳೆದವನು. ಊರು ಕಾರ್ಕಳದ ಹತ್ತಿರ. ಊರಲ್ಲಿದ್ದಾಗ ಅವನು ಮದುವೆ-ಮುಂಜಿಗಳ ಪಂಕ್ತಿಯಲ್ಲಿ ಅನ್ನ ಬಡಿಸುವವನೆಂದು ಹೆಸರಾಗಿದ್ದ. ದುಬೈಗೆ ಬಂದ ಮೇಲೂ ತುಳುವರ ಸತ್ಯನಾರಾಯಣ ಪೂಜೆಯಾದರೆ ಅನ್ನದ ಬಕೆಟು ಅವನ ಕೈಯಲ್ಲೇ. ಎಲ್ಲರೂ ಉಂಡೆದ್ದ ಮೇಲೆ ತಾನು ಉಣ್ಣುವ ಮನುಷ್ಯ. ಅಂಥವನ ಶ್ವಾಸಕೋಶಕ್ಕೆ ರೋಗ ಹತ್ತಿ, ಇನ್ನು ಮಾಡುವಂಥದ್ದು ಹೆಚ್ಚಿಲ್ಲ ಎಂದು ಡಾಕ್ಟರು ಹೇಳಿದಾಗ, ಊರಿಗೆ ಹೋಗುತ್ತೀರಾ ಎಂದು ಎಲ್ಲರೂ ಕೇಳಿದರು. ಕೊರಗಪ್ಪ ಯೋಚಿಸಿ, "ಊರಿಗೆ ಹೇಗೂ ಹೋಗ್ತೇನೆ, ಹೇಗಾದ್ರೂ ಹೋಗ್ತೇನೆ. ಅದಕ್ಕಿಂತ ಮೊದಲು ಮಗನ ಒಂದು ಆಟ ಪೂರ್ತಿ ನೋಡ್ಬೇಕು" ಎಂದಿದ್ದ.

ಪೂರ್ತಿ ಎನ್ನುವುದರ ಮೇಲೆ ಅವನ ಒತ್ತು. ಮಗ ಶ್ರವಣ್ ಕಾಲೇಜಿನ ತಂಡದಲ್ಲಿ ಆಡುತ್ತಾನೆ. ಕೊರಗಪ್ಪ ಎಷ್ಟೋ ಸಲ ನೋಡಲು ಹೋಗಿದ್ದಾನೆ. ಆದರೆ ಒಮ್ಮೆ ಓವರ್‌ಟೈಮ್ ಮುಗಿಸಿ ಬರುವಾಗ ಆಟ ಅರ್ಧ ಆಗಿರುತ್ತಿತ್ತು, ಇನ್ನೊಮ್ಮೆ ಅರ್ಧದಲ್ಲೇ ಲಾರಿ ಬಂತೆಂದು ಫೋನು ಬರುತ್ತಿತ್ತು. ಬಾಲ ನೋಡಿದರೆ ತಲೆ ಇಲ್ಲ, ತಲೆ ನೋಡಿದರೆ ಬಾಲ ಇಲ್ಲ.

ಅದು ಅಮೆರಿಕದವರ ಫುಟ್ಬಾಲು. ಹೆಸರು ಕಾಲಿನದಾದರೂ ಆಟ ಕೈಯದು. ಚೆಂಡು ಕೂಡ ಉರುಟಲ್ಲ, ಸುಲಿದ ತೆಂಗಿನಕಾಯಿಯ ಹಾಗೆ ಎರಡು ತುದಿ ಚೂಪು. ಅದನ್ನು ಹಿಡಿದು ಎದುರಿನವರ ಗೆರೆ ದಾಟಬೇಕು. ಯಾರಿಗೆ ಕೊಡುವುದು, ಯಾರಿಗೆ ಎಸೆಯುವುದು ಎಂದು ಗಳಿಗೆ ಗಳಿಗೆಗೂ ತೀರ್ಮಾನ ಮಾಡುವವನು ಶ್ರವಣ್. ಅವನು ಎಸೆದದ್ದನ್ನು ದೂರ ಓಡಿ ಹಿಡಿಯುವವನು ಶಾನ್. ಶ್ರವಣನಿಗೆ ಆ ಚೆಂಡು ಎಸೆಯಲು ಕಲಿಸಿದವನೂ ಶಾನೇ. ಅವನಿಗಿಂತ ಎರಡು ತರಗತಿ ಮುಂದಿನವನು. ಅಲ್ ಕೂಜಿನ ಗೋದಾಮುಗಳ ಹಿಂದಿನ ಮರಳು ಜಾಗದಲ್ಲಿ ಇಬ್ಬರೂ ಎಸೆದು ಹಿಡಿದು, ಹಿಡಿದು ಎಸೆದು, ಇಬ್ಬರ ಅಮ್ಮಂದಿರಿಂದಲೂ ಬೈಸಿಕೊಂಡು ಬೆಳೆದರು.

ಶಾನನ ತಾಯಿ ಡೆಲ್ಫಿನ್ ಇದೇ ಆಸ್ಪತ್ರೆಯಲ್ಲಿ, ಇದೇ ವಾರ್ಡಿನಲ್ಲಿ ನರ್ಸು. ಗಂಡ ಅಬುಧಾಬಿಯ ಕಡೆ ಸಮುದ್ರದ ಮೇಲಿನ ತೈಲದ ಕೆಲಸದಲ್ಲಿ. ತಿಂಗಳಿಗೊಮ್ಮೆ ದಡಕ್ಕೆ ಬರುವವನು. ಡಾಕ್ಟರ ಕೈಕಾಲು ಹಿಡಿದು ಕೊರಗಪ್ಪನಿಗೆ ಒಂದು ಮಧ್ಯಾಹ್ನದ ಬಿಡುಗಡೆ ಕೊಡಿಸಿದವಳು ಅವಳೇ. ತನ್ನ ರಜಾದಿನವನ್ನು ಅದಕ್ಕೇ ಇಟ್ಟಳು. ಅವಳಿಗೂ ಆ ಆಟ ಬೇಕಿತ್ತು. ಶಾನನಿಗೆ ಅದು ಕಾಲೇಜಿನ ಕೊನೆಯ ಪಂದ್ಯ. ಪರೀಕ್ಷೆ ಬರೆದು ಕೆನಡಾಕ್ಕೆ ಹೊರಡುವವನು. ಕಳೆದ ವಾರ ಡೆಲ್ಫಿನಳ ಮಿರ್ದಿಫ್‌ನ ಮನೆಯಲ್ಲಿ ಊಟಕ್ಕೆ ಕೂತಾಗ ಶ್ರವಣ್ ಎಲ್ಲರೆದುರು, "ಲಾಸ್ಟ್ ಬಾಲ್ ನಿನಗೇ, ಪಕ್ಕಾ" ಎಂದು ಶಾನನ ಕೈ ಮೇಲೆ ಕೈಯಿಟ್ಟಿದ್ದ.

"ಒಂದೇ ಮಾತು, ಕೊರಗಪ್ಪಣ್ಣ," ಎಂದು ಡೆಲ್ಫಿನ್ ಗಾಲಿಕುರ್ಚಿಯ ಹಿಂದೆ ಸಿಲಿಂಡರ್ ಕಟ್ಟುತ್ತ ಹೇಳಿದಳು. "ಹೊರಗೆ ಕೊಡುದು ಈ ಒಂದು ಸಿಲಿಂಡರ್. ಇದರ ಮುಳ್ಳು ಕೆಂಪಿಗೆ ಬಂತು ಅಂದ್ರೆ ಖಲಾಸ್. ಆಟ ಎಲ್ಲಿಗೆ ಮುಟ್ಟಿರಲಿ, ಎದ್ದು ಬರ್ಬೇಕು. ಆಗ ನನ್ನ ಹತ್ರ ಜಗಳ ಮಾಡ್ಲಿಕ್ಕಿಲ್ಲ."

"ನಿಮ್ಮ ಹತ್ರ ಜಗಳ ಮಾಡಿ ಇಂಜೆಕ್ಷನ್ ಯಾರ ಕೈಯಲ್ಲಿ ತೆಗೊಳ್ಳುದು, ಬಾಯಮ್ಮ?" ಎಂದ ಕೊರಗಪ್ಪ.

ಆಟದ ಹೊತ್ತನ್ನೂ ಸಿಲಿಂಡರಿನ ಹೊತ್ತನ್ನೂ ಡೆಲ್ಫಿನ್ ಸರಿಯಾಗಿಯೇ ಹೊಂದಿಸಿದ್ದಳು. ಮಂಜನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎದುರಾಳಿ ತಂಡ ಅಬುಧಾಬಿಯದು. ಆ ರಸ್ತೆಯಲ್ಲಿ ಬೆಳಗ್ಗಿನ ಮಂಜು ಮಧ್ಯಾಹ್ನವಾದರೂ ಬಿಡದೆ, ವಾಹನಗಳೆಲ್ಲ ತೆವಳಿಕೊಂಡು ಬರುತ್ತಿದ್ದವು. ಇವರು ಬಂದು ಮೈದಾನದ ಬೇಲಿಯ ಪಕ್ಕ ನೆರಳಲ್ಲಿ ಕೂತಾಗ ಅಲ್ಲಿ ಆಡುವವರು ಒಂದೇ ತಂಡ. ಕೊರಗಪ್ಪ ಸುಮ್ಮನೆ ಕೂತು ಉಸಿರಾಡಿದ. ಆ ಉಸಿರೆಲ್ಲ ಸಿಲಿಂಡರಿನಿಂದಲೇ ಬರುತ್ತಿತ್ತು. ವಸಂತಿ ಮುಳ್ಳನ್ನು ನೋಡುವುದು, ರಸ್ತೆಯನ್ನು ನೋಡುವುದು. ದೇವರು ಕೊಟ್ಟ ಗಾಳಿಗೆ ಮುಳ್ಳು ಇರಲಿಲ್ಲವಲ್ಲ ಎಂದು ಅವಳಿಗೆ ಅನಿಸಿತು.

ಕೊನೆಗೆ ಬಸ್ಸು ಬಂತು. ಆಟ ಶುರುವಾಗುವಾಗ ಮುಳ್ಳು ಹಸಿರಿನ ನಡುವಿಗೆ ಇಳಿದಿತ್ತು.

ಕೋಚ್ ಲೆಸ್ಟರ್ ಮಂಗಳೂರು ಕಡೆಯವನೇ. ಅವನ ಆಟಕ್ಕೆ ಹುಡುಗರು ಇಟ್ಟ ಹೆಸರು 'ಯಲ್ಲಾ', ಅರಬ್ಬಿಯಲ್ಲಿ ನಡೆ, ಬೇಗ ಎಂದು. ಒಂದು ಸರದಿ ಮುಗಿದ ಕೂಡಲೇ ಗುಂಪುಗೂಡಿ ಮಾತಾಡದೆ, ಎದುರಿನವರು ಉಸಿರು ತೆಗೆದುಕೊಳ್ಳುವ ಮೊದಲೇ ಇನ್ನೊಂದಕ್ಕೆ ನಿಲ್ಲಬೇಕು. ಎಸೆ, ಓಡು, ಎಸೆ. ಇನ್ನೊಂದು ಬಗೆಯೂ ಇದೆ. ಚೆಂಡನ್ನು ಎಸೆಯದೆ ಓಡುವವನ ಹೊಟ್ಟೆಗೆ ಒತ್ತಿ ಕೊಟ್ಟು, ನಾಲ್ಕು ಹೆಜ್ಜೆ, ಮತ್ತೆ ನಾಲ್ಕು ಹೆಜ್ಜೆ, ಗದ್ದೆ ಉಳುವ ಕೋಣಗಳ ಹಾಗೆ ಸರಿಯುವುದು. ಚೆಂಡು ತಮ್ಮ ಹತ್ತಿರವೇ ಇಟ್ಟುಕೊಳ್ಳುವುದು. ಹುಡುಗರು ಅದನ್ನು 'ಶ್ವಯ್ಯ ಶ್ವಯ್ಯ' ಎಂದು ನಗುತ್ತಿದ್ದರು. ಮೆಲ್ಲ ಮೆಲ್ಲ ಎಂದು ಅರ್ಥ. ಲೆಸ್ಟರನಿಗೆ ಅದು ಆಗದು.

ಮೊದಲರ್ಧ ಪೂರ್ತಿ ಯಲ್ಲಾ ಆಟವೇ ನಡೆಯಿತು. ಶ್ರವಣ್ ಎಸೆದ, ಶಾನ್ ಓಡಿದ. ಒಂದು ಚೆಂಡು ಅವನ ಬೆರಳಿಗೆ ತಾಗಿ ನೆಲಕ್ಕೆ ಬಿತ್ತು, ಒಂದು ಗೆರೆಯಾಚೆ ಹೋಯಿತು, ಒಂದನ್ನು ಹಿಡಿದು ಅವನು ದೂರ ಓಡಿದಾಗ ಕೊರಗಪ್ಪ ಕುರ್ಚಿಯ ಕೈ ತಟ್ಟಿದ. ನೋಡಲು ಚೆಂದದ ಆಟ. ಆದರೆ ಅರ್ಧಕ್ಕೆ ನಿಂತಾಗ ಅಬುಧಾಬಿಯವರು ಸ್ವಲ್ಪ ಮುಂದಿದ್ದರು, ಮುಳ್ಳು ಹಸಿರು ಬಿಟ್ಟಿತ್ತು.

ಶ್ರವಣ್ ಹೆಲ್ಮೆಟ್ ತೆಗೆದು ಬೇಲಿಯ ಹತ್ತಿರ ಬಂದ. ಕೊರಗಪ್ಪ ಕಣ್ಣು ಮುಚ್ಚಿ ದಣಿವಾರಿಸುತ್ತಿದ್ದ. ವಸಂತಿ ಎದ್ದು ಹೋಗಿ ಪಿಸುಮಾತಿನಲ್ಲಿ, "ಮಗಾ, ಒಂದು ಮಾತು. ಸ್ವಲ್ಪ ಬೇಗ ಬೇಗ ಆಡಿ ಮುಗಿಸು. ಹೀಗೆ ಆದ್ರೆ ಅಪ್ಪನಿಗೆ ಕೊನೆ ಸಿಕ್ಕುದಿಲ್ಲ" ಎಂದಳು.

ಶ್ರವಣ್ ಡೆಲ್ಫಿನಳ ಮುಖ ನೋಡಿದ. "ಆಂಟಿ, ಎಷ್ಟುಂಟು?"

ಡೆಲ್ಫಿನ್ ಬಗ್ಗಿ ನೋಡಿದಳು. "ಹೀಗೇ ಆಡಿದ್ರೆ ಸಾಕಾಗುದಿಲ್ಲ, ಪುತಾ." ಹೇಳಿದವಳ ಕಣ್ಣು ಆಚೆ ನಿಂತಿದ್ದ ಶಾನನ ಕಡೆ ಹೋಯಿತು. ಶ್ರವಣ್ ಅವಳ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ, "ಓಕೆ, ಅಮ್ಮ. ಬೇಗ ಮುಗಿಸ್ತೇನೆ" ಎಂದು ಹೊರಟುಹೋದ.

ಮತ್ತೆ ಶುರುವಾದ ಆಟ ನೋಡಿ ವಸಂತಿಗೆ ಸಿಟ್ಟು ಬಂತು. ಬೇಗ ಎಂದರೆ ಇವನು ನಿಧಾನ ಮಾಡುತ್ತಿದ್ದ. ಪ್ರತಿ ಸರದಿಗೂ ಎಲ್ಲರನ್ನೂ ಸುತ್ತ ಸೇರಿಸಿ ತಲೆ ಬಗ್ಗಿಸಿ ಏನೋ ಮಾತು. ಆಮೇಲೆ ಸಾವಕಾಶ ಸಾಲುಗಟ್ಟುವುದು. ಚೆಂಡು ಎಸೆಯುವುದೇ ಇಲ್ಲ. ಶರ್ವಿನ್ ಎಂಬ ಗಟ್ಟಿ ಹುಡುಗನ ಹೊಟ್ಟೆಗೆ ಚೆಂಡು ತುರುಕುವುದು, ಅವನು ಗುಂಪಿನೊಳಗೆ ನುಗ್ಗಿ ಬೀಳುವುದು, ರಾಶಿ ಬಿದ್ದವರು ಒಬ್ಬೊಬ್ಬರಾಗಿ ಏಳುವುದು. ಆಚೆ ಬದಿಯಿಂದ ಲೆಸ್ಟರ್ "ಯಲ್ಲಾ, ಯಲ್ಲಾ, ಎಂತ ಮಾಡ್ತಿದ್ದಿ" ಎಂದು ಕೂಗಿದರೂ ಶ್ರವಣನಿಗೆ ಕಿವಿ ಕೇಳಿಸದವನ ಹಾಗೆ.

"ಹಟ ನೋಡು ಇವನದ್ದು," ಎಂದು ವಸಂತಿ ಡೆಲ್ಫಿನಳ ತೋಳು ಹಿಡಿದಳು. "ಬೇಗ ಮುಗಿಸು ಅಂದ್ರೆ ಮದುಮಗಳ ಹಾಗೆ ನಡೀತಿದ್ದಾನೆ."

ಡೆಲ್ಫಿನ್ ಅವಳನ್ನು ಗಾಲಿಕುರ್ಚಿಯಿಂದ ಸ್ವಲ್ಪ ಹಿಂದಕ್ಕೆ ಕರೆದಳು.

"ವಸಂತಿಯಕ್ಕ, ಇದೇ ಬೇಗ."

"ಇದು ಬೇಗವಾ?"

"ಅಲ್ಲಿ ಗಡಿಯಾರ ಕಾಣ್ತದಲ್ಲ? ಎಸೆದ ಚೆಂಡು ನೆಲಕ್ಕೆ ಬಿದ್ರೆ ಅದು ನಿಲ್ತದೆ. ಗೆರೆ ದಾಟಿ ಹೊರಗೆ ಹೋದ್ರೂ ನಿಲ್ತದೆ. ಮೊದಲರ್ಧ ಅಷ್ಟು ಉದ್ದ ಆದದ್ದು ಅದಕ್ಕೇ. ಕೈಯಿಂದ ಕೈಗೆ ಕೊಟ್ಟು ಒಳಗೇ ಬಿದ್ರೆ ಗಡಿಯಾರ ನಿಲ್ಲುದಿಲ್ಲ, ಓಡ್ತಾನೇ ಇರ್ತದೆ. ಅವ ಅಪ್ಪನಿಗೋಸ್ಕರ ಗಡಿಯಾರ ಓಡಿಸ್ತಿದ್ದಾನೆ."

ವಸಂತಿ ಮೈದಾನದ ಕಡೆ ತಿರುಗಿದಳು. ಅಂಕೆಗಳು ಒಂದೇ ಸಮನೆ ಇಳಿಯುತ್ತಿದ್ದವು. ಓಡುವವರ ಆಟದಲ್ಲಿ ಕಾಲ ನಿಂತು ನಿಂತು ಹೋಗುತ್ತದೆ, ನಿಧಾನಿಗಳ ಆಟದಲ್ಲಿ ಕಾಲ ಓಡುತ್ತದೆ. ಇದು ಎಂಥ ಆಟವಪ್ಪ ದೇವರೇ ಎಂದು ಅವಳು ಮನಸ್ಸಿನಲ್ಲಿ ಕೈಮುಗಿದಳು. ಆಗ ಅವಳ ಕಣ್ಣಿಗೆ ಶಾನ್ ಬಿದ್ದ. ಪ್ರತಿ ಸರದಿಗೂ ಅವನು ಮೊದಲಿನ ಹಾಗೇ ದೂರ ಓಡುತ್ತಿದ್ದ, ತಿರುಗಿ ಕೈಯೊಡ್ಡುತ್ತಿದ್ದ, ಬರಿಗೈಯಲ್ಲಿ ಮರಳುತ್ತಿದ್ದ. ಅವಳು ಡೆಲ್ಫಿನಳ ಕಡೆ ನೋಡಿದಳು. ಡೆಲ್ಫಿನ್ ಮುಳ್ಳನ್ನು ನೋಡುತ್ತಿದ್ದಳು.

ಆ ನಿಧಾನದ ಉಳುಮೆಯಲ್ಲೇ ಶ್ರವಣನ ತಂಡದವರು ಗೆರೆ ಮುಟ್ಟಿದರು, ಅಂಕ ಬಂದು ಕೂದಲೆಳೆಯಷ್ಟು ಮುಂದಾದರು. ಚೆಂಡು ಮತ್ತೆ ಕೈಗೆ ಸಿಕ್ಕಿದ ಮೇಲೆ ಅದನ್ನು ಬಿಡಲೇ ಇಲ್ಲ. ಲೆಸ್ಟರನ ಕೂಗು ನಿಂತಿತ್ತು. ಗೆಲ್ಲುವ ಎತ್ತಿಗೆ ಯಾರು ಬೈಯುತ್ತಾರೆ? ಆಟ ಮುಗಿಯಲು ಸ್ವಲ್ಪವೇ ಇರುವಾಗ ಇವರು ಎದುರಿನವರ ಗೆರೆಯ ಹತ್ತಿರಕ್ಕೆ ಬಂದಿದ್ದರು. ಮುಳ್ಳು ಕೆಂಪಿನ ಅಂಚಿನಲ್ಲಿತ್ತು.

ಲೆಸ್ಟರ್ ಎರಡೂ ಕೈ ಎತ್ತಿ ಸನ್ನೆ ಮಾಡಿದ. ಡೆಲ್ಫಿನ್ ಒಮ್ಮೆಲೇ ಎದ್ದು ನಿಂತಳು. "ಶಾನನಿಗೆ ಹಾಕ್ಲಿಕ್ಕೆ ಹೇಳ್ತಿದ್ದಾನೆ," ಎಂದಳು, ತನಗೆ ತಾನೇ.

ವಸಂತಿಗೆ ಆಟ ಗೊತ್ತಿರಲಿಲ್ಲ, ಆದರೆ ಈಗ ಅಷ್ಟು ಗೊತ್ತಾಗಿತ್ತು. ಅಂಕ ಬಂದರೆ ಚೆಂಡು ಎದುರಿನವರಿಗೆ ಹೋಗುತ್ತದೆ. ಸೋಲುವವರು ಎಸೆದು ಎಸೆದು ಗಡಿಯಾರ ನಿಲ್ಲಿಸುತ್ತಾರೆ. ಆಟ ಉದ್ದವಾಗುತ್ತದೆ.

ಸಾಲು ಕಟ್ಟಿದರು. ಚೆಂಡು ಶ್ರವಣನ ಕೈಗೆ ಬಂತು. ಶಾನ್ ಮೂಲೆಗೆ ಓಡಿ ತಿರುಗಿದ. ಅವನ ಹತ್ತಿರ ಯಾರೂ ಇರಲಿಲ್ಲ. ಅವನು ಒಂದು ಕೈ ಎತ್ತಿ ನಿಂತ. ಶ್ರವಣ್ ತಲೆ ತಿರುಗಿಸಿ ಆ ಕಡೆ ನೋಡಿದ. ಆಮೇಲೆ ಚೆಂಡನ್ನು ಎದೆಗೆ ಒತ್ತಿಕೊಂಡು, ನಿಂತಲ್ಲೇ, ದೇವರ ಮುಂದೆ ಊರುವ ಹಾಗೆ ಒಂದು ಮಂಡಿ ನೆಲಕ್ಕೆ ಊರಿದ. ಮಂಡಿ ಊರಿದರೆ ಆ ಸರದಿ ಅಲ್ಲಿಗೆ ಮುಗಿಯಿತು, ಗಡಿಯಾರ ಓಡುತ್ತದೆ. ಮತ್ತೊಮ್ಮೆ ಸಾಲು ಕಟ್ಟಿದರು, ಮತ್ತೆ ಅವನು ಮಂಡಿ ಊರಿದ. ಎರಡನೆಯ ಸಲ ಶಾನ್ ಮೂಲೆಗೆ ಓಡಲಿಲ್ಲ. ಇದ್ದಲ್ಲೇ ನಿಂತಿದ್ದ.

ಕೊನೆಯ ಸೀಟಿ ಕೇಳಿತು. ಡೆಲ್ಫಿನ್ ಕುಳಿತು, ಸಿಲಿಂಡರಿನ ತಿರುಪನ್ನು ಮುಟ್ಟಿ ನೋಡಿ, "ಪೂರ್ತಿ ಆಯ್ತು, ಕೊರಗಪ್ಪಣ್ಣ" ಎಂದಳು. ಅವಳ ಸ್ವರ ವಾರ್ಡಿನಲ್ಲಿ ಕೇಳುವ ಸ್ವರವೇ ಆಗಿತ್ತು.

ಹುಡುಗರು ಶ್ರವಣನನ್ನು ಹೆಗಲಿಗೇರಿಸಿದರು. ಲೆಸ್ಟರ್ ಪಂದ್ಯದ ಚೆಂಡನ್ನೇ ಅವನ ಕೈಗಿತ್ತು, "ಅಂಕ ಸಿಕ್ಕುವಾಗ ಬಿಟ್ಟು ಕೂತದ್ದು ದೊಡ್ಡ ಬುದ್ಧಿ ಮಾರಾಯ. ನನಗಿಲ್ಲದ ಬುದ್ಧಿ" ಎಂದ. ಶ್ರವಣ್ ಬೇಲಿ ದಾಟಿ ಬಂದು ಚೆಂಡನ್ನು ಅಪ್ಪನ ಮಡಿಲಲ್ಲಿಟ್ಟ. ಕೊರಗಪ್ಪ ಅದನ್ನು ಬೆರಳಿನಿಂದ ತಡವಿದ. ಹೊರಡುವ ಅವಸರದಲ್ಲಿ ಅಲ್ಲಿ ಬೇರೆ ಮಾತಾಗಲಿಲ್ಲ.

ಕಾರು ಡೆಲ್ಫಿನಳದು, ನಡೆಸುವವಳೂ ಅವಳೇ. ಹಿಂದೆ ವಸಂತಿ, ಕೊರಗಪ್ಪ. ಸ್ವಲ್ಪ ದೂರ ಹೋದ ಮೇಲೆ ಕೊರಗಪ್ಪ ಮಾತು ತೆಗೆದ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಆಟ ಲಾಯ್ಕ ಆಯ್ತು. ಮೊದಲಿಂದ ಕೊನೆವರೆಗೆ ನೋಡಿದೆ." ಮಡಿಲ ಚೆಂಡನ್ನು ಒಮ್ಮೆ ತಿರುಗಿಸಿದ. "ಆದ್ರೆ ಆ ಮಗು... ಆ ಕೊನೆಗೆ ಮೂಲೆಯಲ್ಲಿ ಕೈಯೆತ್ತಿ ನಿಂತವ. ಅವನಿಗೆ ಯಾಕೆ ಹಾಕ್ಲಿಲ್ಲ ಇವ? ಅರ್ಧದ ಮೇಲೆ ಒಂದು ಸಲ ಸಹ ಹಾಕ್ಲಿಲ್ಲ. ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿ, ಅನ್ನ ಬಡಿಸದೆ ದಾಟಿಹೋದ ಹಾಗಾಯ್ತು."

ಹೆಲ್ಮೆಟ್ಟಿನೊಳಗಿನ ಮುಖ ಯಾರದೆಂದು ಅಷ್ಟು ದೂರದಿಂದ ಅವನಿಗೆ ತಿಳಿದಿರಲಿಲ್ಲ. ವಸಂತಿ ಗಂಡನ ಕೈ ಹಿಡಿದಳು. ಮುಂದಿನ ಸೀಟಿನಿಂದ ಡೆಲ್ಫಿನ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಆ ಹುಡುಗ ಹಸಿದವ ಅಲ್ಲ, ಅಣ್ಣ. ಮೊದಲೇ ಬೇಕಾದಷ್ಟು ಉಂಡಿದ್ದಾನೆ."

"ಉಂಡವನಿಗೂ ಎಲೆ ಮುಂದೆ ಬಂದು ಕೇಳ್ಬೇಕು, ಬಾಯಮ್ಮ. ಬೇಡ ಅಂತ ಅವ ಹೇಳ್ಬೇಕು. ನಾವು ಹೇಳುದಲ್ಲ."

ಡೆಲ್ಫಿನ್ ಕಾರಿನ ಕನ್ನಡಿಯನ್ನು ಸ್ವಲ್ಪ ಆಚೆ ತಿರುಗಿಸಿದಳು. ವಸಂತಿಗೆ ಅವಳ ಮುಖ ಮತ್ತೆ ಕಾಣಲಿಲ್ಲ.

ಆ ಮಾತು ಕೊರಗಪ್ಪನನ್ನು ಬಿಡಲಿಲ್ಲ. ಮಾರನೆಯ ದಿನ ಶ್ರವಣ್ ಬಂದು ಹಾಸಿಗೆಯ ಬಳಿ ಕೂತಾಗ ಅದೇ ತೆಗೆದ. ಅಷ್ಟರಲ್ಲಿ ಅವನಿಗೆ ಆ ಮಗು ಶಾನನೇ ಎಂದು ಯಾರಿಂದಲೋ ತಿಳಿದಿತ್ತು, ನೋವು ಹೆಚ್ಚಾಗಿತ್ತು.

"ನಿನಗೆ ಎಸೀಲಿಕ್ಕೆ ಕಲಿಸಿದವ ಅವ. ಅವನ ಅಮ್ಮ ನನ್ನನ್ನು ಹೊತ್ತುಕೊಂಡು ಬಂದದ್ದು. ಲಾಸ್ಟ್ ಬಾಲ್ ನಿನಗೇ ಅಂತ ನೀನು ಊಟದ ಎದುರು ಹೇಳಿದ್ದಿಯಂತೆ. ನೀನು ಗೆದ್ದಿ, ಮಗಾ. ಆದ್ರೆ ಬಡಿಸ್ಲಿಕ್ಕೆ ಕಲೀಲಿಲ್ಲ."

ವಸಂತಿ ಹಾಸಿಗೆಯ ಅಂಚಿಗೆ ಸರಿದಳು. "ಅಲ್ಲ, ಹಾಗಲ್ಲ, ಅವ ಎಂತಕ್ಕೆ ಅಂತ..." ಎಂದು ಶುರು ಮಾಡಿದಳು. ಶ್ರವಣ್ ಹೊದಿಕೆಯ ಅಂಚಿನಡಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದ.

"ಹೌದಪ್ಪ," ಎಂದ. "ತಪ್ಪಾಯ್ತು."

"ಈ ಚೆಂಡು ಇಲ್ಲಿ ಇಡುದು ಬೇಡ. ನನಗೆ ನೋಡ್ಲಿಕ್ಕೆ ಆಗುದಿಲ್ಲ."

"ತೆಗೀತೇನೆ, ಅಪ್ಪ."

ಹೊರಗೆ ಕಾರಿಡಾರಿನಲ್ಲಿ ವಸಂತಿ ಮಗನ ಅಂಗಿ ಹಿಡಿದು ನಿಲ್ಲಿಸಿದಳು. "ಯಾಕೆ ಹೇಳ್ಲಿಕ್ಕೆ ಬಿಡ್ಲಿಲ್ಲ? ಇಲ್ಲದ್ದು ತಲೆಗೆ ಕಟ್ಟಿಕೊಂಡಿಯಲ್ಲ. ನಾನು ಹೇಳಿದ್ದು ತಾನೇ ಬೇಗ ಮುಗಿಸು ಅಂತ?"

ಶ್ರವಣ್ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ.

"ಹೇಳಿದ್ರೆ ಅಪ್ಪನಿಗೆ ಆ ಆಟ ಬೇಡ ಆಗ್ತದೆ, ಅಮ್ಮ. ಇನ್ನೊಬ್ಬನ ಎಲೆಯಿಂದ ತೆಗೆದು ಬಡಿಸಿದ್ದು ಅಂತ. ಅವರು ಕೇಳಿದ್ದು ಅದೊಂದೇ. ಅದು ಅವರ ಹತ್ರ ಇರ್ಲಿ."

"ನಿನ್ನ ಮೇಲೆ ಬೇಜಾರು ಇಟ್ಟುಕೊಂಡು ಹೋಗ್ತಾರಲ್ಲ, ಮಗಾ."

"ಇಟ್ಸ್ ಓಕೆ," ಎಂದ ಅವನು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ.

ಅವಳು ಹೇಳಲಿಲ್ಲ. ನಾಲಗೆಯ ತುದಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿದಳು. ಗಂಡನ ಹಣೆ ಒರೆಸುವಾಗ, ಕಾಲು ಒತ್ತುವಾಗ, ಅವನು ನಿದ್ದೆಯಲ್ಲಿ ಯಾರಿಗೋ ಇನ್ನೊಂದು ಸೌಟು ಹಾಕು ಎಂದು ಕನವರಿಸುವಾಗ. ಸತ್ಯ ಹೇಳದಿರುವುದೂ ಒಂದು ಸೇವೆಯಾಗುತ್ತದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ಸೇವೆಗೆ ದೇವರು ಏನು ಹೇಳುತ್ತಾನೋ ಅದೂ ಗೊತ್ತಿರಲಿಲ್ಲ. ಡೆಲ್ಫಿನ್ ಎಂದಿನಂತೆ ಬಂದು ನಳಿಗೆ ಸರಿಮಾಡಿ, ತಲೆದಿಂಬು ಎತ್ತರಿಸಿ ಹೋಗುತ್ತಿದ್ದಳು. ಒಂದು ದಿನ ಕೊರಗಪ್ಪ ಅವಳ ಕೈ ಹಿಡಿದು, "ಮಗನ ಪರವಾಗಿ ನಾನು ತಪ್ಪು ಕೇಳಿಕೊಳ್ತೇನೆ, ಬಾಯಮ್ಮ" ಎಂದ. ಡೆಲ್ಫಿನ್ ವಸಂತಿಯನ್ನು ನೋಡಿದಳು. ವಸಂತಿ ಕಣ್ಣಲ್ಲೇ ಬೇಡಿದಳು. "ಆಯ್ತು ಅಣ್ಣ," ಎಂದಳು ಡೆಲ್ಫಿನ್, "ನಾನು ಶಾನನಿಗೆ ಹೇಳ್ತೇನೆ." ಹೇಳಿ, ಕೈ ಬಿಡಿಸಿಕೊಳ್ಳದೆ, ಅವನು ನಿದ್ದೆ ಹೋಗುವವರೆಗೆ ನಿಂತಳು.

ಮುಂದಿನ ಹುಣ್ಣಿಮೆಯನ್ನು ಕೊರಗಪ್ಪ ಕಾಣಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಹಾಸಿಗೆಯ ಮೇಲೆ ಬಿದ್ದಿದ್ದಾಗ, ಗಂಜಿಯ ಚಮಚ ವಸಂತಿಯ ಕೈಯಲ್ಲಿದ್ದಾಗಲೇ, ಉಸಿರು ನಿಂತಿತು. ಜೆಬೆಲ್ ಅಲಿಯ ಚಿತಾಗಾರದಲ್ಲಿ ಕಾರ್ಯ ಮುಗಿಸಿದರು. ತುಳುವರೂ ಕೊಂಕಣಿಯವರೂ ಬ್ಯಾರಿಗಳೂ ಬಂದು, ಅವನು ಬಡಿಸಿದ ಅನ್ನ ನೆನೆದು ನಿಂತಿದ್ದರು. ಶಾನ್ ಶ್ರವಣನ ಪಕ್ಕದಲ್ಲೇ ಇದ್ದು, ಬೇಕಾದ್ದಕ್ಕೆಲ್ಲ ಓಡಾಡಿದ. ಆಟದ ಮಾತು ಮಾತ್ರ ಇಬ್ಬರ ನಡುವೆ ಬರಲಿಲ್ಲ. ಆ ಶನಿವಾರದಿಂದ ಬಂದಿರಲಿಲ್ಲ.

ಬೂದಿ ತೆಗೆದುಕೊಂಡು ಊರಿಗೆ ಹೊರಡುವ ದಿನ, ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಶ್ರವಣ್ ಟ್ಯಾಕ್ಸಿಯನ್ನು ಮಿರ್ದಿಫ್‌ಗೆ ತಿರುಗಿಸಲು ಹೇಳಿದ. ಅಸ್ಥಿಯ ಕುಡಿಕೆ ವಸಂತಿಯ ಮಡಿಲಲ್ಲಿತ್ತು. ಅದನ್ನು ಹಿಡಿದುಕೊಂಡು ಬಾಗಿಲ ಹೊಸ್ತಿಲು ಮೆಟ್ಟಬಾರದೆಂದು ಅವಳು ಕಾರಿನಲ್ಲೇ ಕೂತು, ಕಿಟಕಿ ಇಳಿಸಿದಳು. ವಿಲ್ಲಾದ ಗೇಟಿನ ಹೊರಗೆ ಶಾನ್ ನೀರಿನ ಪೈಪು ಹಿಡಿದು ತಾಯಿಯ ಕಾರು ತೊಳೆಯುತ್ತಿದ್ದ.

ಶ್ರವಣ್ ಹತ್ತಿರ ಹೋಗಿ ನಿಂತ. ಪೈಪಿನ ನೀರು ಇಬ್ಬರ ಚಪ್ಪಲಿಯಡಿಯೂ ಹರಿಯಿತು.

"ನೀನು ಮೂಲೆಯಲ್ಲಿದ್ದೆ," ಎಂದ. "ಒಬ್ಬನೇ. ನಾನು ನೋಡಿದ್ದೆ."

"ಗೊತ್ತುಂಟು," ಎಂದ ಶಾನ್. "ನೀನು ನೋಡಿದ್ದು ನನಗೆ ಕಂಡಿತ್ತು."

ಶ್ರವಣ್ ಹೆಗಲ ಚೀಲದಿಂದ ಆ ಪಂದ್ಯದ ಚೆಂಡನ್ನು ತೆಗೆದ. ಎಸೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಶಾನ್ ಪೈಪನ್ನು ಕೆಳಗಿಟ್ಟು, ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು, ಅದನ್ನು ತೆಗೆದುಕೊಂಡ.